ಮೊದಲು ಛೇದದ ಮೇಲೆ ಕಣ್ಣಿಡಿ

ಮಕ್ಕಳಿಗೆ ಬೀಜಗಣಿತ ಹೇಳಿಕೊಡುವವರಿಗೆ ಒಂದು ಸಲಹೆ. ಛೇದದಲ್ಲಿ ಎಕ್ಸ್ ಇರುವ ಸಮೀಕರಣ ಕಂಡ ಕೂಡಲೇ ಬಿಡಿಸಲು ಹೊರಡಬಾರದು. ಛೇದವನ್ನು ಸೊನ್ನೆಯಾಗಿಸುವ ಬೆಲೆಗಳನ್ನು ಮೊದಲು ಪುಟದ ಅಂಚಿನಲ್ಲಿ ಬರೆದಿಡಬೇಕು.

1/(ಎಕ್ಸ್ − 2) + 1/(ಎಕ್ಸ್ + 2) = 4/(ಎಕ್ಸ್² − 4) ಎಂಬುದನ್ನೇ ನೋಡಿ. ಇಲ್ಲಿ 2 ಮತ್ತು −2 ನಿಷಿದ್ಧ. ಎರಡೂ ಬದಿಯನ್ನು (ಎಕ್ಸ್² − 4)ರಿಂದ ಗುಣಿಸಿದರೆ 2ಎಕ್ಸ್ = 4, ಅಂದರೆ ಎಕ್ಸ್ = 2. ಗುಣಾಕಾರದಲ್ಲಿ ತಪ್ಪಿಲ್ಲ, ಆದರೂ ಉತ್ತರ ನಿಲ್ಲುವುದಿಲ್ಲ: ಎಕ್ಸ್ 2 ಆದರೆ ನಾವು ಗುಣಿಸಿದ್ದೇ ಸೊನ್ನೆಯಿಂದ! ‘ಪರಿಹಾರವಿಲ್ಲ’ ಎಂದು ಬರೆಯಲು ಮಕ್ಕಳು ಬಹಳ ಹೆದರುತ್ತಾರೆ. ಅದೂ ಪೂರ್ಣ ಉತ್ತರವೇ ಎಂದು ಧೈರ್ಯ ತುಂಬಿ.

ತಾಳೆ ನೋಡುವಾಗ ಬೆಲೆಯನ್ನು ಮೂಲ ಸಮೀಕರಣದಲ್ಲೇ ಹಾಕಿಸಿ. ಗುಣಿಸಿದ ನಂತರದ ಸಾಲಿನಲ್ಲಿ ಹಾಕಿದರೆ 2 ಕೂಡ ಸರಿಯೆಂದೇ ಕಾಣುತ್ತದೆ.