ತಮ್ಮ ಹುಟ್ಟಿ ಎಷ್ಟು ತಿಂಗಳಾಯ್ತವ್ವ?

ಕಾಲು ಊದಿಕೊಂಡ ಎರಡು ವರ್ಷದ ಮಗುವನ್ನು ಕರೆತಂದರೆ ನಾನು ತಾಯಿಗೆ ಮೊದಲು ಕೇಳುವುದು ಇದನ್ನೇ. ಈ ಪ್ರಶ್ನೆಯನ್ನು ನನಗೆ ಕಲಿಸಿದವರು ಡಾ. ಸಿಸಿಲಿ ವಿಲಿಯಮ್ಸ್.

ಮಕ್ಕಳ ವೈದ್ಯನಾದ ಹೊಸದರಲ್ಲಿ ಅಂಥದೊಂದು ಹೆಣ್ಣುಮಗು ಬಂದಿತ್ತು. ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು, ಕೂದಲು ಕೆಂಚಾಗಿತ್ತು. 'ಬಾಲಗ್ರಹ ಆಗೇತ್ರಿ' ಅಂದಳು ತಾಯಿ. ಆ ಮಾತು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊತ ಇಳಿಯಲೆಂದು ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟೆ. ಮೂರನೆಯ ದಿನ ಮಗು ತೀರಿಕೊಂಡಿತು. ಮೈಯೆಲ್ಲ ನೀರು ತುಂಬಿದ್ದರೂ ರಕ್ತನಾಳದೊಳಗೆ ನೀರು ಸಾಲದೇ ಇರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ತಾಯಿಯ ಮಡಿಲಲ್ಲಿ ನಾಲ್ಕು ತಿಂಗಳ ಇನ್ನೊಂದು ಕೂಸಿತ್ತು. ಅದನ್ನು ನೋಡಿಯೂ ನೋಡಿರಲಿಲ್ಲ.

ವಿಲಿಯಮ್ಸ್ ನೋಡಿದ್ದರು. 1893ರಲ್ಲಿ ಜಮೈಕಾದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, 1929ರಲ್ಲಿ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ, ಹೋದವರು. ಊದಿಕೊಂಡ ಮಕ್ಕಳನ್ನು ಕಂಡು, ಇದಕ್ಕೆ ಏನನ್ನುತ್ತೀರಿ ಎಂದು ಅಲ್ಲಿನ ಹೆಂಗಸರನ್ನೇ ವಿಚಾರಿಸಿದರು. ಗಾ ಭಾಷೆಯಲ್ಲಿ ಅದು ಕ್ವಾಶಿಯೋರ್ಕರ್: ಹೊಸ ಕೂಸು ಬಂದಾಗ ಹಿಂದಿನ ಮಗುವಿಗೆ ಬರುವ ರೋಗ. ಎದೆಹಾಲು ತಪ್ಪಿದ ಮಗುವಿಗೆ ಮೆಕ್ಕೆಜೋಳದ ಗಂಜಿಯೇ ಗತಿಯಾಗಿ, ಅಪೌಷ್ಟಿಕತೆಯಿಂದ ಮೈ ಊದುತ್ತಿತ್ತು. ತಾಯಂದಿರಿಟ್ಟ ಹೆಸರಿನಲ್ಲೇ ಕಾರಣದ ಸುಳಿವಿತ್ತು! 1935ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದೇ ಹೆಸರಿನಿಂದ ಬರೆದರು. ಇದು ಪೆಲಾಗ್ರಾ, ಅಂದರೆ ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯ ರೋಗ, ಎಂದು ವಾದಿಸಿದವರಿಗೆ ಮಣಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದಲ್ಲಿ ಜಪಾನೀಯರ ಸೆರೆಯಲ್ಲಿದ್ದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗದ ಮೊದಲ ಮುಖ್ಯಸ್ಥೆಯಾದರು. ನನಗೆ ಮಾತ್ರ ಅವರು ಆ ಹೆಂಗಸರ ಮುಂದೆ ಕುಳಿತು ಕೇಳಿಸಿಕೊಂಡದ್ದೇ ದೊಡ್ಡದು.

ಈಗ ಅಂಥ ಮಗು ಬಂದ ಕೂಡಲೇ ರಕ್ತದ ಸಕ್ಕರೆ ನೋಡುತ್ತೇನೆ, ಕುಲಾವಿ ಹಾಕಿಸಿ ತಾಯಿಯ ಮೈಗೊತ್ತಿ ಬೆಚ್ಚಗಿಡಿಸುತ್ತೇನೆ, ಸೋಂಕಿಗೆ ಆಂಟಿಬಯೋಟಿಕ್ ಶುರುಮಾಡುತ್ತೇನೆ. ಹಾಲು, ಸಕ್ಕರೆ, ಎಣ್ಣೆ, ಮಂಡಕ್ಕಿ ಹಿಟ್ಟು ನೀರಿನಲ್ಲಿ ಬೆರೆಸಿದ ಆಹಾರ, 100 ಮಿ.ಲೀ.ಗೆ 75 ಕಿಲೋಕ್ಯಾಲರಿ ಬರುವಷ್ಟು. ಊತ ಜೋರಿದ್ದರೆ ಕೆ.ಜಿ. ತೂಕಕ್ಕೆ ದಿನಕ್ಕೆ 100 ಮಿ.ಲೀ. ಮಾತ್ರ. ಎರಡು ತಾಸಿಗೊಮ್ಮೆ, ರಾತ್ರಿಯೂ, ಒಳಲೆಯಲ್ಲಿ. ರಾತ್ರಿಯ ಸರದಿ ತಪ್ಪಿದರೆ ಬೆಳಗಿನ ಜಾವ ಸಕ್ಕರೆ ಕುಸಿಯುತ್ತದೆ. ಅದಕ್ಕೇ ನಾನೇ ಎದ್ದು ಹೋಗಿ ನೋಡುವುದುಂಟು.

ಮನೆಯವರು 'ಮೊಟ್ಟೆ ಕೊಡ್ಲೇನ್ರೀ, ಟಾನಿಕ್ ಬರಕೊಡ್ರೀ' ಎನ್ನುತ್ತಾರೆ. ಕಬ್ಬಿಣದ ಟಾನಿಕ್ ಈ ಹಂತದಲ್ಲಿ ಸೋಂಕನ್ನು ಬಲಪಡಿಸಬಹುದು, ಕೊಡುವುದಿಲ್ಲ. ಮೊದಲ ದಿನಗಳಲ್ಲಿ ತೂಕ ಇಳಿದಾಗ ತಾಯಂದಿರು ಗಾಬರಿಯಾಗುತ್ತಾರೆ. 'ಇಳೀತಿರೋದು ನೀರವ್ವ, ಮಗು ಅಲ್ಲ' ಎಂದು ಪಾದ ಒತ್ತಿ ತೋರಿಸುತ್ತೇನೆ. ಮಗು ತಾನಾಗಿ ಬಟ್ಟಲಿಗೆ ಕೈಚಾಚಿದ ಮೇಲೆ ಆಹಾರ ಏರಿಸುತ್ತಾ ಹೋಗುತ್ತೇನೆ. ಮೊಟ್ಟೆ ಆಮೇಲೆ.