ಮಸ್ಕತ್ ಸುತ್ತಿನ ಕಾರು ಪ್ರವಾಸ: ಯಾವ ಸೀಟಿನಿಂದ, ಯಾವ ಹೊತ್ತಿನಲ್ಲಿ ಫೋಟೊ ತೆಗೆಯಬೇಕು

ಉಡುಪಿ, ಮಂಗಳೂರು ಕಡೆಯ ಬಹಳಷ್ಟು ಮನೆಗಳಿಗೆ ಕೊಲ್ಲಿ ದೇಶಗಳಲ್ಲಿ ಒಬ್ಬರಾದರೂ ನೆಂಟರಿರುತ್ತಾರೆ. ಹಾಗಾಗಿ ವಿದೇಶದಲ್ಲಿ ಕುಟುಂಬ ಸಮೇತ ಕಾರು ಪ್ರವಾಸ ಎಂದಾಗ ನಮ್ಮವರ ಮನಸ್ಸಿಗೆ ಮೊದಲು ಬರುವುದು ಯುರೋಪಲ್ಲ, ದುಬೈ ಅಥವಾ ಮಸ್ಕತ್. ಅಕ್ಕ ಮಸ್ಕತ್‌ನಲ್ಲಿರುವ ಕಾರಣ ನಾವು ಎರಡು ಸಲ ಒಮಾನ್ ಸುತ್ತಿದ್ದೇವೆ. ಮೊದಲ ಸಲ ಎರಡು ಸಾವಿರಕ್ಕೂ ಹೆಚ್ಚು ಫೋಟೊ ತೆಗೆದರೂ ಇಟ್ಟುಕೊಳ್ಳುವಂಥವು ಇಪ್ಪತ್ತೂ ಸಿಗಲಿಲ್ಲ. ಎರಡನೆಯ ಸಲ ಅದೇ ಕ್ಯಾಮರಾ, ಅದೇ ಫೋನ್ ಒಯ್ದು ಅರ್ಧಕ್ಕಿಂತ ಕಡಿಮೆ ತೆಗೆದರೂ ಒಂದು ಆಲ್ಬಮ್ ತುಂಬಿತು. ವ್ಯತ್ಯಾಸ ಬಂದದ್ದು ಉಪಕರಣದಿಂದಲ್ಲ; ಯಾವ ದಾರಿಯನ್ನು ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತಿಗೆ ಹೋಗುವುದು, ಕಾರಿನಲ್ಲಿ ಯಾರು ಎಲ್ಲಿ ಕೂರುವುದು ಎಂಬುದನ್ನು ಮನೆಯಲ್ಲಿಯೇ ಕುಳಿತು ತೀರ್ಮಾನಿಸಿದ್ದರಿಂದ.

ಮೊದಲು ಕಾಲದ ವಿಚಾರ. ಮಕ್ಕಳ ಬೇಸಿಗೆ ರಜೆಯೆಂದು ನಾವು ಮೊದಲ ಸಲ ಮೇ ತಿಂಗಳಲ್ಲಿ ಹೋಗಿದ್ದೆವು. ಆ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಬೆಳಿಗ್ಗೆ ಎಂಟು ಗಂಟೆಗೇ ಬಿಸಿಲು ನೆತ್ತಿಯ ಮೇಲಿಂದ ಸುರಿದಂತಿರುತ್ತದೆ, ಯಾರ ಮುಖ ನೋಡಿದರೂ ಕಣ್ಣು ಕಿರಿದಾಗಿರುತ್ತದೆ, ಹುಬ್ಬಿನ ಕೆಳಗೆ ಕಪ್ಪು ನೆರಳು ಬಿದ್ದಿರುತ್ತದೆ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಸೂರ್ಯ ದಿನವಿಡೀ ತಗ್ಗಿನಲ್ಲಿ ಸಾಗುವುದರಿಂದ ಬೆಳಕು ಓರೆಯಾಗಿ ಬಿದ್ದು ಗುಡ್ಡದ ಮಡಿಕೆಗಳೂ ಮನುಷ್ಯರ ಮುಖಗಳೂ ಚೆನ್ನಾಗಿ ಮೂಡುತ್ತವೆ. ಆದರೆ ಡಿಸೆಂಬರ್‌ನಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ ಎಂಬುದನ್ನು ನೆನಪಿಡಬೇಕು. ಊಟ ಮುಗಿಸಿ ಸ್ವಲ್ಪ ಅಡ್ಡಾಗಿ ಹೊರಡೋಣ ಎನ್ನುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನು ದಿಕ್ಕಿನ ವಿಚಾರ. ನನ್ನ ಮಟ್ಟಿಗೆ ಇದೇ ಮುಖ್ಯ. ಮಸ್ಕತ್, ಸೂರ್, ವಹೀಬಾ ಮರಳುಗಾಡು, ನಿಜ್ವಾ, ಮತ್ತೆ ಮಸ್ಕತ್ ಎಂಬ ನಾಲ್ಕು ದಿನಗಳ ಸುತ್ತು ಕುಟುಂಬಕ್ಕೆ ಹೇಳಿ ಮಾಡಿಸಿದಂತಿದೆ. ಹೆಚ್ಚಿನವರು ಕಡಲ ದಾರಿಯ ಆಸೆಯಿಂದ ಮೊದಲು ಸೂರ್ ಕಡೆಗೆ ಹೊರಡುತ್ತಾರೆ, ನಾವೂ ಹಾಗೆಯೇ ಮಾಡಿದೆವು. ಮಸ್ಕತ್‌ನಿಂದ ಸೂರ್‌ಗೆ ಸುಮಾರು 200 ಕಿಲೋಮೀಟರು. ರಸ್ತೆ ಆಗ್ನೇಯಕ್ಕೆ ಸಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೂ ಆ ದಿಕ್ಕಿನಲ್ಲಿಯೇ ಆದ್ದರಿಂದ ಬೆಳಿಗ್ಗೆ ಹೊರಟರೆ ಎದುರುಗಾಜಿನ ತುಂಬ ಬಿಸಿಲಿನ ಹೊಡೆತ. ಅದರ ಮೇಲೆ, ಒಮಾನ್‌ನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ, ಸ್ಟಿಯರಿಂಗ್ ಎಡಕ್ಕಿರುತ್ತದೆ. ಚಾಲಕನ ಪಕ್ಕದಲ್ಲಿ ಕ್ಯಾಮರಾ ಹಿಡಿದು ಕೂತವನು ಬಲಗಡೆ ಇರುತ್ತಾನೆ, ಕಡಲು ಎಡಗಡೆ ಇರುತ್ತದೆ. ನನ್ನ ಮೊದಲ ಪ್ರವಾಸದ ಕಡಲ ಚಿತ್ರಗಳಲ್ಲೆಲ್ಲ ಭಾವನ ಮೂಗು ಅಡ್ಡ ಬಂದದ್ದು ಹೀಗೆ.

ಎರಡನೆಯ ಸಲ ನಾವು ಸುತ್ತನ್ನು ತಿರುಗಿಸಿದೆವು. ಗುರುವಾರ ಮಸ್ಕತ್ ಬಿಟ್ಟು ನಿಜ್ವಾದಲ್ಲಿ ತಂಗಿ, ಶುಕ್ರವಾರ ಬೆಳಿಗ್ಗೆ ಅಲ್ಲಿನ ಆಡಿನ ಸಂತೆ ನೋಡಿ, ಸಂಜೆಗೆ ವಹೀಬಾ ತಲುಪಿ, ಶನಿವಾರ ಬೆಳಗಿನ ಜಾವ ಮರಳದಿಬ್ಬ ಹತ್ತಿ, ರಾತ್ರಿ ಸೂರ್‌ನಲ್ಲಿ ಉಳಿದು, ಭಾನುವಾರ ಕಡಲ ಅಂಚಿನಲ್ಲಿ ಮರಳಿದೆವು. ಆ ಮಧ್ಯಾಹ್ನ ಮೂರರ ಹೊತ್ತಿಗೆ ಸೂರ್ಯ ಎಡಬದಿಯ ಹಜರ್ ಗುಡ್ಡಗಳ ಮೇಲಿದ್ದು ಬಲಬದಿಯ ಕಡಲಿಗೆ ನೇರ ಬೆಳಕು ಹಾಯಿಸುತ್ತಿದ್ದ; ನೀಲಿ ಬಣ್ಣ ಗಾಢವಾಗಿ ಬಂತು, ನಾನಿದ್ದ ಕಿಟಕಿಯೇ ಕಡಲ ಕಡೆಗಿತ್ತು, ನಡುವೆ ಯಾರ ಮೂಗೂ ಇರಲಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ ಇರುವುದರಿಂದ ಭಾನುವಾರ ವಾದಿಗಳಲ್ಲಿ, ಅಂದರೆ ಗುಡ್ಡಗಳ ನಡುವಿನ ಕಣಿವೆಗಳಲ್ಲಿ, ಜನಸಂದಣಿಯೂ ಕಡಿಮೆ ಇತ್ತು.

ಪಡುವಣ ಕರಾವಳಿಯವರಿಗೆ ಇಲ್ಲೊಂದು ತಲೆಕೆಳಗಿನ ಲೆಕ್ಕವಿದೆ. ನಮಗೆ ಸೂರ್ಯ ಕಡಲಿಗೆ ಮುಳುಗುವವನು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಂಜೆ ನಿಂತರೆ ಚಿತ್ರ ತಾನಾಗಿ ಸಿಗುತ್ತದೆ. ಒಮಾನ್‌ನ ಈ ಭಾಗದಲ್ಲಿ ಆತ ಕಡಲಿನಿಂದ ಏಳುತ್ತಾನೆ, ಗುಡ್ಡದ ಹಿಂದೆ ಮರೆಯಾಗುತ್ತಾನೆ. ಸಂಜೆಯ ಕೆಂಪನ್ನು ಹಿಡಿಯುತ್ತೇನೆಂದು ಸೂರ್‌ನ ದಂಡೆಗೆ ಹೋದರೆ ಸಿಗುವುದು ಬೂದು ನೀರು. ಕಡಲಿನ ಬಣ್ಣ ಬೇಕಾದವರು ನಸುಕಿನಲ್ಲೇ ಏಳಬೇಕು.

ಹೊರಡುವ ಮುನ್ನ ಒಂದು ಭಾನುವಾರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮರವಂತೆಯವರೆಗೆ ಹೋಗಿ ಬಂದರೆ ಒಳ್ಳೆಯ ಅಭ್ಯಾಸವಾಗುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ ಇರುವ ಆ ರಸ್ತೆಯಲ್ಲಿ ಬೆಳಿಗ್ಗೆ ಯಾವ ಬದಿ ಚೆನ್ನಾಗಿ ಬರುತ್ತದೆ, ಸಂಜೆ ಯಾವುದು ಬರುತ್ತದೆ, ಓಡುವ ಕಾರಿನಿಂದ ಯಾವುದು ಮಸುಕಾಗುತ್ತದೆ ಎಂಬುದೆಲ್ಲ ಒಂದೇ ದಿನದಲ್ಲಿ ತಿಳಿಯುತ್ತದೆ. ಹತ್ತಿರದ ಕಂಬ, ತಡೆಬೇಲಿ, ಗಿಡಗಂಟಿಗಳು ಎಳೆದುಹೋಗುತ್ತವೆ; ದೂರದ ಗುಡ್ಡ, ದೋಣಿ ಚುರುಕಾಗಿಯೇ ಇರುತ್ತವೆ. ಕ್ಯಾಮರಾದಲ್ಲಿ ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕೆ ಇಟ್ಟುಕೊಂಡು ದೂರದ ವಸ್ತುವನ್ನೇ ಗುರಿಯಾಗಿಸಬೇಕು. ಫೋನ್ ಆದರೆ ಪ್ರಖರ ಬೆಳಕಿನಲ್ಲಿ ಅದು ತಾನೇ ವೇಗವನ್ನು ಏರಿಸಿಕೊಳ್ಳುತ್ತದೆ, ಕತ್ತಲಾದ ಮೇಲೆ ಪಕ್ಕದ ಕಿಟಕಿಯ ಆಸೆ ಬಿಡಬೇಕು.

ಗಾಜಿನ ಮೂಲಕ ತೆಗೆಯುವಾಗ ಲೆನ್ಸನ್ನು ಗಾಜಿಗೆ ಒಂದು ಬೆರಳಿನಷ್ಟು ಸಮೀಪ ಹಿಡಿಯಬೇಕೇ ಹೊರತು ಒತ್ತಬಾರದು, ಒತ್ತಿದರೆ ಕಾರಿನ ನಡುಕ ಚಿತ್ರಕ್ಕೆ ಇಳಿಯುತ್ತದೆ. ಅದಕ್ಕಿಂತ ಮೊದಲು ಡ್ಯಾಶ್‌ಬೋರ್ಡ್ ಮೇಲಿರುವುದನ್ನೆಲ್ಲ ತೆಗೆದಿಡಬೇಕು. ನಮ್ಮ ಕಾರಿನಲ್ಲಿ ಅಕ್ಕ ಬಿಳಿಯ ಟಿಶ್ಯೂ ಡಬ್ಬಿಯೊಂದನ್ನು ಅಲ್ಲಿ ಇಟ್ಟಿದ್ದಳು. ನಿಜ್ವಾವರೆಗಿನ ಪ್ರತಿ ಚಿತ್ರದ ಆಕಾಶದಲ್ಲೂ ಆ ಡಬ್ಬಿಯ ಪ್ರತಿಬಿಂಬ ತೇಲುತ್ತಿರುವುದು ರಾತ್ರಿ ನೋಡುವಾಗ ಗೊತ್ತಾಯಿತು. ಮುಂದೆ ಕೂರುವವರು ಬಿಳಿ ಅಂಗಿಯ ಬದಲು ಗಾಢ ಬಣ್ಣದ್ದನ್ನು ತೊಟ್ಟರೆ ಪ್ರತಿಫಲನ ಇನ್ನಷ್ಟು ತಗ್ಗುತ್ತದೆ. ಲೆನ್ಸಿಗೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿದರೆ ಎದುರುಗಾಜಿನ ಹೊಳಪು ಹೋಗುತ್ತದೆ, ನಿಜ. ಆದರೆ ಪಕ್ಕದ ಕಿಟಕಿಗಳ ಕಾಯಿಸಿ ಗಟ್ಟಿ ಮಾಡಿದ ಗಾಜಿನಲ್ಲಿ ಅದೇ ಪೋಲರೈಸರ್ ಕಾಮನಬಿಲ್ಲಿನಂಥ ಕಲೆಗಳನ್ನು ಎಬ್ಬಿಸುತ್ತದೆ, ಅಲ್ಲಿ ಗಾಜು ಇಳಿಸಿಬಿಡುವುದೇ ಸುಲಭ. ಕಾರು ಓಡಿಸುವವರು ಮಾತ್ರ ಯಾವ ಕಾರಣಕ್ಕೂ ಫೋನ್ ಕೈಗೆತ್ತಿಕೊಳ್ಳಬಾರದು. ಅಪಾಯದ ಮಾತು ಹಾಗಿರಲಿ, ಅಲ್ಲಿ ಅದು ದಂಡಾರ್ಹ ಅಪರಾಧವೂ ಹೌದು. ಹೆದ್ದಾರಿಯ ಅಂಚಿನಲ್ಲಿ ಫೋಟೊಗಾಗಿ ನಿಲ್ಲಿಸದೆ ಪೆಟ್ರೋಲ್ ಪಂಪನ್ನೋ ಹೊರದಾರಿಯನ್ನೋ ಕಾಯಬೇಕು.

ಬೆಳಗಿನ ಎದುರುಬಿಸಿಲಿಗೆ ಒಂದು ಉಪಯೋಗವಿದೆ. ಆಗ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದರೆ ಹಿಂಬದಿಯಲ್ಲಿ ಕೂತವರ ಮುಖಗಳ ಮೇಲೆ ಎದುರುಗಾಜಿನಿಂದ ಬಂದ ಮೆದುವಾದ ಹಳದಿ ಬೆಳಕು ಇರುತ್ತದೆ. ಅಮ್ಮ ಸೀಟ್ ಬೆಲ್ಟಿನ ಅಡಿಯಿಂದ ಕಷ್ಟಪಟ್ಟು ಕೈ ಹೊರಗೆ ತೆಗೆದು ಸ್ಟೀಲ್ ಡಬ್ಬಿಯ ಮುಚ್ಚಳ ಬಿಚ್ಚಿದ್ದು, ಇಬ್ಬರು ಮಕ್ಕಳು ಒಂದೇ ಚಕ್ಕುಲಿಗೆ ಕೈ ಹಾಕಿದ್ದು, ಮುರಿದ ತುಂಡು ಸೀಟಿನ ಸಂದಿಗೆ ಬಿದ್ದದ್ದು, ಅದನ್ನು ಹುಡುಕಲು ಮೂವರ ತಲೆಯೂ ಒಟ್ಟಿಗೆ ಬಗ್ಗಿದ್ದು: ಈ ನಾಲ್ಕು ಚಿತ್ರಗಳು ಅರ್ಧ ನಿಮಿಷದೊಳಗೆ ಬಂದವು. ಇಂಥ ಹೊತ್ತಿನಲ್ಲಿ ‘ನೋಡಿ, ನಗಿ’ ಎಂದು ಕೂಗಬಾರದು, ಒಂದರ ಹಿಂದೆ ಒಂದು ತೆಗೆಯುತ್ತ ಹೋಗಬೇಕು. ಫೋನಿನ ಅತಿ ಅಗಲದ ಲೆನ್ಸ್ ಅಂಚಿನಲ್ಲಿರುವವರ ಮುಖವನ್ನು ಜಗ್ಗಿ ಉದ್ದ ಮಾಡುವುದರಿಂದ ಹಿರಿಯರನ್ನು ಚೌಕಟ್ಟಿನ ನಡುವೆ ಬರುವಂತೆ ನೋಡಿಕೊಳ್ಳಬೇಕು. ಚಕ್ಕುಲಿಯ ಎಣ್ಣೆ ಕೈಯಿಂದ ಫೋನಿನ ಲೆನ್ಸಿಗೆ ಹತ್ತಿದರೆ ಮುಂದಿನ ಚಿತ್ರಗಳೆಲ್ಲ ಮಂಜು ಕವಿದಂತಿರುತ್ತವೆ. ಮೆತ್ತಗಿನ ಹತ್ತಿಬಟ್ಟೆಯೊಂದು ಜೇಬಿನಲ್ಲಿರಲಿ.

ಮಂಜಿನ ಮಾತು ಬಂದದ್ದರಿಂದ ನನ್ನದೇ ತಪ್ಪೊಂದನ್ನು ಹೇಳಬೇಕು. ಮೇ ತಿಂಗಳ ಆ ಮೊದಲ ಪ್ರವಾಸದಲ್ಲಿ ರಾತ್ರಿಯಿಡೀ ಎಸಿಯಲ್ಲಿದ್ದ ಕ್ಯಾಮರಾವನ್ನು ಬೆಳಿಗ್ಗೆ ನೇರವಾಗಿ ಮಸ್ಕತ್‌ನ ಮತ್ರಾ ಕಡಲಂಚಿಗೆ ತಂದೆ. ಹೊರಗಿನ ತೇವದ ಗಾಳಿ ತಣ್ಣಗಿನ ಗಾಜಿಗೆ ತಾಗಿ ಹನಿಗಟ್ಟಿತು, ಒರೆಸಿದಷ್ಟೂ ಮತ್ತೆ ಕಟ್ಟಿತು. ಅರ್ಧ ಗಂಟೆ ಕಾಯುವುದರೊಳಗೆ ಬಂದರಿನ ಮೇಲಿನ ಹೊಂಬೆಳಕು ಕಳೆದುಹೋಯಿತು. ಕ್ಯಾಮರಾವನ್ನು ಚೀಲದ ಒಳಗೇ ಬಿಟ್ಟು, ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಬಾಲ್ಕನಿಯಲ್ಲಿಟ್ಟರೆ ಈ ತೊಂದರೆ ಇಲ್ಲ.

ವಹೀಬಾದಲ್ಲಿ ಲೆನ್ಸ್ ಬದಲಿಸುವ ಯೋಚನೆಯನ್ನೇ ಮಾಡಬಾರದು. ಮರಳಿನ ಕಣ ಒಳಗೆ ಹೊಕ್ಕರೆ ಅದರ ಖರ್ಚು ಊರಿಗೆ ಬಂದ ಮೇಲೆ ತಿಳಿಯುತ್ತದೆ. ಅಂಟಿದ ಮರಳನ್ನು ರಬ್ಬರ್ ಬ್ಲೋವರ್‌ನಿಂದ ಊದಬೇಕು, ಬಟ್ಟೆಯಿಂದ ಉಜ್ಜಬಾರದು. ಸೂರ್ಯೋದಯದ ಬಳಿಕದ ಮೊದಲ ಅರ್ಧ ಗಂಟೆಯಲ್ಲಿ ದಿಬ್ಬದ ಒಂದು ಮಗ್ಗುಲು ಬೆಳಗಿ ಇನ್ನೊಂದು ಕಪ್ಪಾಗಿ, ನಡುವಿನ ಏಣು ಗೆರೆ ಎಳೆದಂತೆ ಕಾಣುತ್ತದೆ. ಆ ಏಣಿನ ಮೇಲೆ ಮಕ್ಕಳು ಓಡಿಬಿಟ್ಟರೆ ಗೆರೆ ಹಾಳು. ಆದ್ದರಿಂದ ಮೊದಲು ಖಾಲಿ ದಿಬ್ಬವನ್ನು ತೆಗೆದು, ಆಮೇಲೆ ಒಬ್ಬರನ್ನೇ ಅದರ ಮೇಲೆ ನಡೆಸಿ, ಕೊನೆಗೆ ಎಲ್ಲರನ್ನೂ ಬಿಡಬೇಕು. ಒಬ್ಬ ಮನುಷ್ಯ ಇದ್ದರೆ ಮಾತ್ರ ದಿಬ್ಬದ ಎತ್ತರ ಚಿತ್ರದಲ್ಲಿ ತಿಳಿಯುತ್ತದೆ. ಹೊಳೆಯುವ ಮರಳನ್ನು ಕಂಡು ಕ್ಯಾಮರಾ ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಮಂಕು ಮಾಡುತ್ತದೆ, ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿಕೊಳ್ಳಬೇಕು. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಹಾ ಮಸೀದಿಯ ಬಿಳಿ ಅಂಗಳಕ್ಕೂ ಇದೇ ಮಾತು. ಶುಕ್ರವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11ರವರೆಗೆ ಇತರ ಧರ್ಮದವರಿಗೂ ಅಲ್ಲಿ ಪ್ರವೇಶವಿದೆ, ಹೆಂಗಸರು ತಲೆ ಮುಚ್ಚಿಕೊಳ್ಳಬೇಕು.

ವಾದಿ ಶಾಬ್‌ನಂಥ ಆಳದ ಕಣಿವೆಗೆ ನಿಯಮ ತಿರುಗುಮುರುಗು. ಎರಡೂ ಬದಿಯ ಬಂಡೆಗೋಡೆಗಳ ನಡುವೆ ಬೆಳಕು ಇಳಿಯುವುದು ನಡುಹಗಲಲ್ಲಿ ಮಾತ್ರ, ನೀರಿನ ಹಸಿರು ಕಾಣುವುದೂ ಆಗಲೇ. ಸಣ್ಣ ದೋಣಿಯಲ್ಲಿ ದಾಟಿ ಕಲ್ಲುದಾರಿಯಲ್ಲಿ ಬಹಳ ದೂರ ನಡೆಯಬೇಕಾದ್ದರಿಂದ ಅಮ್ಮನನ್ನು ಕರೆದೊಯ್ಯಲಿಲ್ಲ. ಬದಲಿಗೆ ಬಿಮ್ಮಾದಲ್ಲಿ ನೆಲ ಕುಸಿದು ಆದ ನೀರುಗುಂಡಿಯ ಮೆಟ್ಟಿಲ ಮೇಲೆ ಕೂರಿಸಿ, ಹಿನ್ನೆಲೆಯಲ್ಲಿ ನೀಲಿ ನೀರು ಬರುವಂತೆ ತೆಗೆದೆವು.

ಜನರನ್ನು ತೆಗೆಯುವಾಗ ಕೇಳದೆ ಕ್ಯಾಮರಾ ಎತ್ತಬಾರದು, ಅದರಲ್ಲೂ ಹೆಂಗಸರ ಚಿತ್ರವನ್ನು ತೆಗೆಯಲೇಬಾರದು. ನಿಜ್ವಾ ಸಂತೆಯಲ್ಲಿ ಕ್ಯಾಮರಾ ತೋರಿಸಿ ‘ಮುಮ್ಕಿನ್ ಸೂರಾ?’ (ಫೋಟೊ ತೆಗೆಯಬಹುದೇ?) ಎಂದು ಕೇಳಿದರೆ ಆಡು ಹಿಡಿದ ಮುದುಕರು ನಗುತ್ತ ನಿಲ್ಲುತ್ತಾರೆ. ಬೇಡವೆಂದು ತಲೆ ಅಲ್ಲಾಡಿಸಿದರೆ ‘ಶುಕ್ರನ್’ (ಧನ್ಯವಾದ) ಎಂದು ಮುಂದೆ ಹೋಗಬೇಕು. ಪೊಲೀಸ್ ಠಾಣೆ, ಸೇನಾ ನೆಲೆ, ತಪಾಸಣಾ ಗೇಟುಗಳ ಕಡೆ ಕ್ಯಾಮರಾ ತಿರುಗಿಸಬಾರದು. ಡ್ರೋನ್‌ಗೆ ಮೊದಲೇ ಅನುಮತಿ ಬೇಕು, ಕುಟುಂಬ ಪ್ರವಾಸಕ್ಕೆ ಆ ಉಸಾಬರಿಯೇ ಬೇಡ.

ಫೋಟೊ ತೆಗೆಯುವವನೇ ಆಲ್ಬಮ್‌ನಲ್ಲಿ ಇಲ್ಲದಿರುವುದು ಎಲ್ಲ ಮನೆಗಳ ಕಥೆ. ನಾನು ಟ್ರೈಪಾಡ್ ಒಯ್ಯುವುದಿಲ್ಲ. ಅಕ್ಕನ ಅಡುಗೆಮನೆಯಿಂದ ಎರಡು ಕಿಲೋ ಕುಚ್ಚಲಕ್ಕಿಯನ್ನು ಗಟ್ಟಿ ಬಟ್ಟೆಚೀಲಕ್ಕೆ ತುಂಬಿ ಬಾಯಿ ಹೊಲಿದುಕೊಂಡೆ. ಕಾರಿನ ಬಾನೆಟ್ ಮೇಲೆ ಆ ಚೀಲವಿಟ್ಟು, ಅದರಲ್ಲಿ ಕ್ಯಾಮರಾವನ್ನು ಸ್ವಲ್ಪ ಒತ್ತಿದರೆ ಯಾವ ಗಾಳಿಗೂ ಅಲುಗದು. ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿಹೋಗಿ ನಿಲ್ಲಬಹುದು. ವಹೀಬಾದ ರಾತ್ರಿಯಲ್ಲಿ ಫೋನನ್ನು ಅದೇ ಚೀಲದ ಮೇಲೆ ಮಲಗಿಸಿ ನೈಟ್ ಮೋಡ್‌ನಲ್ಲಿ ನಕ್ಷತ್ರಗಳನ್ನೂ ತೆಗೆದೆವು. ಪ್ರವಾಸ ಮುಗಿದ ಮೇಲೆ ಅಕ್ಕಿ ಗಂಜಿಯಾಯಿತು.

ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ. ಬೆಲೆಬಾಳುವ ಕ್ಯಾಮರಾ ಇದ್ದರೆ ಕಸ್ಟಮ್ಸ್ ಕೌಂಟರಿನಲ್ಲಿ ಅದರ ಸರಣಿ ಸಂಖ್ಯೆ ನಮೂದಿಸಿ ರಫ್ತು ಪ್ರಮಾಣಪತ್ರ ಪಡೆದಿಟ್ಟರೆ ಮರಳುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್‌ಗಳು ಕೈಚೀಲದಲ್ಲೇ ಇರಬೇಕು. ಒಮಾನ್‌ನಲ್ಲಿ ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್ನಿನ ಪ್ಲಗ್ ಬಳಕೆಯಲ್ಲಿದೆ, ಅಡಾಪ್ಟರ್ ಬೇಕಾಗುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಫೋನ್ ತಾನೇ ಬದಲಾಗುತ್ತದೆ, ಕ್ಯಾಮರಾ ಬದಲಾಗದು. ಅದನ್ನು ಇಳಿದ ಕೂಡಲೇ ಸರಿಪಡಿಸದಿದ್ದರೆ ಎರಡರ ಚಿತ್ರಗಳನ್ನು ಸೇರಿಸಿದಾಗ ತಿಂಡಿ ಮುಗಿಸಿ ಹೊರಟ ಚಿತ್ರ ತಿಂಡಿಯ ಚಿತ್ರಕ್ಕಿಂತ ಮೊದಲು ಬಂದು ಕೂರುತ್ತದೆ.

ದಿನವೂ ರಾತ್ರಿ ಚಿತ್ರಗಳನ್ನು ಇನ್ನೊಂದು ಕಡೆಗೂ ನಕಲು ಮಾಡಿ, ಕಾರ್ಡನ್ನು ಊರಿಗೆ ಬರುವವರೆಗೂ ಅಳಿಸದೆ ಇಡಬೇಕು. ಮರಳಿದ ಮೇಲೆ ಅರುವತ್ತಕ್ಕೆ ಮಿತಿ ಹಾಕಿಕೊಂಡು ಆರಿಸಿ, ಮ್ಯಾಟ್ ಕಾಗದದಲ್ಲಿ ಮುದ್ರಿಸಬೇಕು. ಹೊಳಪು ಕಾಗದದ ಚಿತ್ರವನ್ನು ಕಟ್ಟು ಹಾಕಿಸಿದರೆ ನಮ್ಮ ಮಳೆಗಾಲದ ತೇವಕ್ಕೆ ಅದು ಗಾಜಿಗೆ ಅಂಟಿಕೊಳ್ಳುತ್ತದೆ. ಅಪ್ಪನ ಹಳೆಯ ಚಿತ್ರವೊಂದು ಹಾಗೆ ಅಂಟಿ, ಬಿಡಿಸುವಾಗ ಅರ್ಧ ಮುಖ ಗಾಜಿನಲ್ಲೇ ಉಳಿಯಿತು. ಕಟ್ಟು ಹಾಕುವವರಿಗೆ ಗಾಜು ಮತ್ತು ಚಿತ್ರದ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು) ಕೊಡುವಂತೆ ಹೇಳಬೇಕು. ಕ್ಯಾಮರಾವನ್ನೂ ಲೆನ್ಸುಗಳನ್ನೂ ಮೇ ಕೊನೆಯೊಳಗೆ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಗೆ ಸೇರಿಸಿ, ಜೆಲ್‌ನ ಬಣ್ಣ ಬದಲಾದಾಗಲೆಲ್ಲ ಹೊಸತು ಹಾಕಬೇಕು. ಇಲ್ಲದಿದ್ದರೆ ಚೌತಿಯ ಹೊತ್ತಿಗೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು ಹಿಡಿದಿರುತ್ತದೆ.