ಪಿಚರ್ ಹುಡುಗಿಯ ಕೈ ತಿದ್ದುವುದು ಹೇಗೆ?

ಸಾಫ್ಟ್‌ಬಾಲ್ ಆಡಿಸುವ ಶಾಲೆಗಳ ಮೈದಾನದಲ್ಲಿ ಈ ದೃಶ್ಯವನ್ನು ನೀವೂ ನೋಡಿರಬಹುದು. ಹುಡುಗಿ ಚೆಂಡು ಎಸೆಯುತ್ತಾಳೆ. ಎಸೆದಾದ ಮೇಲೆ ಮೊಣಕೈಯನ್ನು ಗಲ್ಲದ ಮಟ್ಟಕ್ಕೆ ಎತ್ತಿ, ಎದುರಿಗೆ ಚೆಂಡು ಹಿಡಿಯುವ ಕ್ಯಾಚರ್‌ಗೆ ತೋರಿಸಿ, ಫೋಟೊಗೆ ನಿಂತ ಹಾಗೆ ನಿಲ್ಲುತ್ತಾಳೆ. ಪಕ್ಕದಲ್ಲಿರುವ ಪಿ.ಟಿ. ಮೇಡಂ “ಹಾಂ, ಫಾಲೋ ಥ್ರೂ ಚೆನ್ನಾಗಿದೆ” ಎನ್ನುತ್ತಾರೆ. ಆ ಮೇಡಂ ಬಹಳ ವರ್ಷ ನಾನೇ ಆಗಿದ್ದೆ. ನಾನೇ ಕಲಿಸಿದ ಆ ಮೊಣಕೈಯನ್ನು ಮಕ್ಕಳ ಮೈಯಿಂದ ಬಿಡಿಸಲು ಆಮೇಲೆ ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪಿಚರ್ ಎಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು. ಅವಳು ತನ್ನ ತೋಳನ್ನು ಗಾಳಿಗಿರಣಿಯ ರೆಕ್ಕೆಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಬಳಿ ಚೆಂಡು ಬಿಡಬೇಕು. ಹೆಸರಿಗೆ ಸಾಫ್ಟ್ ಅಷ್ಟೆ. 12 ಇಂಚು ಸುತ್ತಳತೆಯ, 178ರಿಂದ 198 ಗ್ರಾಂ ತೂಗುವ ಚೆಂಡು ಮಂಡಿಗೆ ಬಡಿದರೆ ಮೆತ್ತಗೇನೂ ಅನ್ನಿಸುವುದಿಲ್ಲ. ಮಹಿಳೆಯರ ಆಟದಲ್ಲಿ ಪಿಚರ್ ನಿಲ್ಲುವ ಪಿಚಿಂಗ್ ಪ್ಲೇಟಿನಿಂದ ಬ್ಯಾಟರ್ ಆಡುವ ಹೋಮ್ ಪ್ಲೇಟಿಗೆ 43 ಅಡಿ. ಕ್ರಿಕೆಟ್ ಪಿಚ್ 66 ಅಡಿ ಎಂದು ನೆನಪಿಸಿಕೊಂಡರೆ ಬ್ಯಾಟರ್‌ಗೆ ಸಿಗುವ ಸಮಯ ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಮೊದಲು ಸಮಯದ ವಿಷಯ. ಕೈ ತಿದ್ದುವ ಕೆಲಸವನ್ನು ಬೇಸಿಗೆ ರಜೆಯಲ್ಲೇ ಶುರು ಮಾಡಿ. ತಾಲ್ಲೂಕು ಪಂದ್ಯಕ್ಕೆ ಹದಿನೈದು ದಿನ ಇರುವಾಗ ಕೈ ಹಾಕಿದರೆ ಹುಡುಗಿ ಹಳೆಯದನ್ನು ಮರೆತು, ಹೊಸದೂ ಬಾರದೆ ಎಡಬಿಡಂಗಿಯಾಗುತ್ತಾಳೆ. ನನ್ನ ಲೆಕ್ಕದಲ್ಲಿ ಕನಿಷ್ಠ ಆರು ವಾರ ಅವಳಿಗೆ ಪಂದ್ಯ ಇರಕೂಡದು. ಫ್ರೆಂಡ್ಲಿ ಪಂದ್ಯವೂ ಬೇಡ.

ಆಮೇಲೆ ವಿಡಿಯೊ. ಮೊಬೈಲಿನ ಸ್ಲೋ ಮೋಷನ್ ಸಾಕು. ಬಲಗೈ ಪಿಚರ್ ಆದರೆ ಮೂರನೇ ಬೇಸಿನ ಕಡೆ, ಅಂದರೆ ಅವಳ ಬಲಪಕ್ಕಕ್ಕೆ, ನಿಂತು ಹತ್ತು ಎಸೆತ ತೆಗೆಯಿರಿ.

ಈಗ ಆ ವಿಡಿಯೊದ ಮೇಲೆ ಗಡಿಯಾರ ಇಟ್ಟಂತೆ ನೋಡಿ. ಕೈ ಮುಂದಕ್ಕೆ ಚಾಚಿದಾಗ 3 ಗಂಟೆ, ತಲೆಯ ಮೇಲೆ 12, ಹಿಂದೆ 9, ತೊಡೆಯ ಪಕ್ಕ 6. ಕೈ 9ಕ್ಕೆ ಬಂದಾಗ ವಿಡಿಯೊ ನಿಲ್ಲಿಸಿ. ಚೆಂಡು ಹಿಡಿದ ಅಂಗೈ ಬೆನ್ನ ಹಿಂದಿನ ಎರಡನೇ ಬೇಸನ್ನೋ ನೆಲವನ್ನೋ ನೋಡುತ್ತಿದ್ದರೆ ರೋಗ ಅಲ್ಲೇ ಇದೆ. ಆ ಕೈ ಇನ್ನು ಚೆಂಡನ್ನು ತಳ್ಳಬಲ್ಲದು, ಬೀಸಲಾರದು. ತಳ್ಳಿದ ಕೈಯೇ ಕೊನೆಗೆ ಮೊಣಕೈ ಎತ್ತಿ ನಿಲ್ಲುವುದು.

ಆಗಬೇಕಾದದ್ದು ಹೀಗೆ. 9 ಗಂಟೆಯಲ್ಲಿ ಅಂಗೈ ಆಕಾಶವನ್ನೋ ಮೂರನೇ ಬೇಸನ್ನೋ ನೋಡುತ್ತಿರಬೇಕು. ಅಲ್ಲಿಂದ ಇಳಿಯುವಾಗ ಮೊಣಕೈ ಚೂರು ಮಡಚಿಕೊಂಡು ಮೊದಲು ಬರುತ್ತದೆ, ಚೆಂಡು ಅದರ ಹಿಂದೆ ಉಳಿಯುತ್ತದೆ. ಮುಂಗೈಯ ಒಳಮೈ ಸೊಂಟದ ಪಕ್ಕವನ್ನು ಸವರುತ್ತದೆ. ಆ ಗಳಿಗೆಯಲ್ಲಿ ಮೇಲ್ತೋಳು ನಿಧಾನಿಸುತ್ತದೆ, ಮುಂಗೈ ಚಾವಟಿಯ ತುದಿಯ ಹಾಗೆ ಒಳಕ್ಕೆ ತಿರುಗಿ ಚಿಮ್ಮುತ್ತದೆ. ಚೆಂಡು ಹೋದ ಮೇಲೆ ಅಂಗೈ ತೊಡೆಯ ಕಡೆ ತಿರುಗಿರುತ್ತದೆ, ಮೊಣಕೈ ಕೆಳಗೇ ಇರುತ್ತದೆ.

ಇದನ್ನು ಹೀಗೇ ಬಾಯಲ್ಲಿ ಹೇಳಿದರೆ ಹನ್ನೆರಡು ವರ್ಷದ ಮಗುವಿಗೆ ಒಂದಕ್ಷರ ಹತ್ತುವುದಿಲ್ಲ. ನಾನು ಮೊದಲ ಎರಡು ದಿನ ಚೆಂಡನ್ನೇ ಕೊಡುವುದಿಲ್ಲ. ಒಂದು ಒದ್ದೆ ಟವೆಲ್ ಕೊಡುತ್ತೇನೆ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮುಂಚೆ ಜಾಡಿಸುತ್ತೇವಲ್ಲ, ಚಟ್ ಅನ್ನಬೇಕಾದರೆ ಕೈ ಕೊನೆಯಲ್ಲಿ ಗಕ್ಕನೆ ತಡೆಯಬೇಕು. ಕೈ ತಡೆಯದೆ ಮುಂದಕ್ಕೆ ಹೋಗುತ್ತಲೇ ಇದ್ದರೆ ಬಟ್ಟೆ ಸುಮ್ಮನೆ ಹಾರಾಡುತ್ತದೆ, ಸದ್ದು ಬರುವುದಿಲ್ಲ. ಪಿಚಿಂಗ್‌ನಲ್ಲಿ ಆ ತಡೆಯುವ ಕೆಲಸ ಸೊಂಟದ್ದು. ಮೊದಲು ಎರಡೂ ಕೈಯಲ್ಲಿ ಜಾಡಿಸಲಿ, ಆಮೇಲೆ ಒಂದೇ ಕೈಯಲ್ಲಿ, ಪಕ್ಕಕ್ಕೆ ನಿಂತು, ಮುಂಗೈ ಸೊಂಟಕ್ಕೆ ತಾಗುವಂತೆ. ಮೂರನೇ ದಿನ ಚಪ್ಪಟೆ ಕಲ್ಲು. ಕೆರೆಯ ನೀರಿನ ಮೇಲೆ ಕಲ್ಲು ಕುಪ್ಪಳಿಸಿ ಹೋಗುವ ಹಾಗೆ ಬೀಸಿದ ಮಕ್ಕಳಿಗೆ ಇದು ಅರ್ಧ ಬಂದ ಹಾಗೇ. ಊರಲ್ಲಿ ಕೆರೆ ಇಲ್ಲದಿದ್ದರೆ ಖಾಲಿ ಮೈದಾನದಲ್ಲಿ ಬೀಸಲಿ, ಎದುರಿಗೆ ಯಾರೂ ಇರಬಾರದು ಅಷ್ಟೆ.

ಆಮೇಲೆ ಚೆಂಡು. ಗುರಿ ಬೇಡ, ಕ್ಯಾಚರ್ ಬೇಡ. ಹಗ್ಗಕ್ಕೆ ಒಂದು ಜಮಖಾನ ನೇತುಹಾಕಿ, ಹತ್ತು ಅಡಿ ದೂರದಲ್ಲಿ ನಿಲ್ಲಿಸಿ. ಪೂರ್ತಿ ಸುತ್ತು ಬೇಡ; ಕೈ 9 ಗಂಟೆಯಲ್ಲಿ, ಅಂಗೈ ಮೇಲೆ, ಅಲ್ಲಿಂದ ಒಂದೇ ಬೀಸು. ಇಲ್ಲಿ ಮೂರು ತಪ್ಪು ಬರುತ್ತವೆ.

ಒಂದು, ಮುಂಗೈ ಸೊಂಟವನ್ನು ಸವರುವ ಬದಲು ಬಡಿಯುತ್ತದೆ. ಸಂಜೆ ತಾಯಿ ಕಪ್ಪಾದ ಜಾಗ ತೋರಿಸುತ್ತಾರೆ. ಇದಕ್ಕೆ ಕೈ ತಿದ್ದಲು ಹೋಗಬೇಡಿ, ಸೊಂಟ ನೋಡಿ. “ಬಾಗಿಲು ಮುಚ್ಚು” ಎಂದು ಯಾರೋ ಕಲಿಸಿರುತ್ತಾರೆ, ಹುಡುಗಿ ಚೆಂಡು ಬಿಡುವ ಮುಂಚೆಯೇ ಸೊಂಟವನ್ನು ಪೂರ್ತಿ ಹೋಮ್ ಪ್ಲೇಟಿನ ಕಡೆ ತಿರುಗಿಸಿರುತ್ತಾಳೆ. ಕೈಗೆ ದಾರಿಯೇ ಇರುವುದಿಲ್ಲ. ಚೆಂಡು ಬಿಡುವಾಗ ಸೊಂಟ ಅರ್ಧ ತೆರೆದಿರಬೇಕು, ಹೆಚ್ಚುಕಡಿಮೆ 45 ಡಿಗ್ರಿ. ಎರಡು, ಮಣಿಕಟ್ಟು ಬಿಗಿಹಿಡಿಯುವುದು. ಕೈ ತೊಳೆದು ನೀರು ಕೊಡವಲು ಹೇಳಿ, ತಕ್ಷಣ ಎಸೆಯಲು ಹೇಳಿ; ಸಡಿಲವಾಗುತ್ತದೆ. ಮೂರನೆಯದು ನಿಮ್ಮದೇ ತಪ್ಪು: ಮಾತು. ಒಂದು ಎಸೆತಕ್ಕೆ ಮೂರು ಸಲಹೆ ಕೊಟ್ಟರೆ ಮಗು ನಿಮ್ಮ ಮುಖ ನೋಡಿಕೊಂಡು ಎಸೆಯುತ್ತದೆ. ಹತ್ತು ಎಸೆತಕ್ಕೆ ಒಂದು ಮಾತು, ಅದೂ ಒಂದೇ ವಿಷಯದ ಬಗ್ಗೆ.

ಮಣಿಕಟ್ಟನ್ನು ಮಾತ್ರ ಆಡಿಸಿ ಚೆಂಡು ಚಿಮ್ಮಿಸುವ ಅಭ್ಯಾಸವನ್ನು ಇನ್ನೂ ಎಷ್ಟೋ ಕಡೆ ದಿನಕ್ಕೆ ನೂರು ಸಲ ಮಾಡಿಸುತ್ತಾರೆ. ದಯವಿಟ್ಟು ಬಿಡಿ. ನಿಜವಾದ ಎಸೆತದಲ್ಲಿ ಇಲ್ಲದ ಚಲನೆಯನ್ನು ನೂರು ಸಲ ಮಾಡಿದರೆ ಅದೇ ಗಟ್ಟಿಯಾಗುತ್ತದೆ. ಮಣಿಕಟ್ಟಿಗೆ ಕಟ್ಟುವ ಮರಳಿನ ಪಟ್ಟಿ, ಭಾರದ ಚೆಂಡು ಇವಕ್ಕೂ ದುಡ್ಡು ಹಾಕಬೇಡಿ. ಬೆಳೆಯುವ ಭುಜಕ್ಕೆ ಅವು ಒಳ್ಳೆಯದಲ್ಲ. ದುಡ್ಡಿದ್ದರೆ ಒಂದು 11 ಇಂಚಿನ ಚೆಂಡು ಕೊಳ್ಳಿ. ಪುಟ್ಟ ಬೆರಳಿನ ಹುಡುಗಿಯರು 12 ಇಂಚಿನ ಚೆಂಡನ್ನು ಬೆರಳಲ್ಲಿ ಹಿಡಿಯಲಾಗದೆ ಅಂಗೈಗೆ ಒತ್ತಿಕೊಳ್ಳುತ್ತಾರೆ, ಅರ್ಧ ದೋಷ ಅಲ್ಲಿಂದಲೇ ಹುಟ್ಟುತ್ತದೆ. ಅಗ್ಗದ ಸಿಂಥೆಟಿಕ್ ಚೆಂಡಿನ ಬಗ್ಗೆಯೂ ಹುಷಾರು: ಒಮ್ಮೆ ಒದ್ದೆ ಹುಲ್ಲಲ್ಲಿ ಉರುಳಿದರೆ ಊದಿಕೊಂಡು ಬೂದುಗುಂಬಳದ ಹಾಗಾಗುತ್ತದೆ.

ಎರಡನೇ ವಾರಕ್ಕೆ ಎಲ್ಲ ಕೆಡುತ್ತದೆ. ಕೆಡಲೇಬೇಕು. ಎಂಟನೇ ತರಗತಿಯ ಒಬ್ಬಳದು ನೆನಪಿದೆ: ಒಂದು ಚೆಂಡು ಅವಳ ಕಾಲಿನ ಮುಂದೆಯೇ ಬೀಳುತ್ತಿತ್ತು, ಮುಂದಿನದು ಜಮಖಾನದ ಮೇಲಿಂದ ಹಾರಿ ಹಿಂದಿನ ಬಾದಾಮಿ ಮರದ ಎಲೆ ಉದುರಿಸುತ್ತಿತ್ತು. ಅಮ್ಮ ಗೇಟಿನ ಬಳಿ ಕಾಯುತ್ತಿದ್ದರು. “ಏನ್ ಮೇಡಂ, ನೀವು ಕೈ ಹಾಕೋಕೆ ಮುಂಚೆ ಚೆನ್ನಾಗೇ ಎಸೀತಿದ್ಲಲ್ಲ?” ಉತ್ತರ ಇರಲಿಲ್ಲ, “ಇನ್ನೊಂದು ವಾರ ಕೊಡಿ ಅಮ್ಮ” ಅಂದೆ. ನಾಲ್ಕು ದಿನದ ನಂತರ ಜಮಖಾನಕ್ಕೆ ಚೆಂಡು ಬಿದ್ದ ಸದ್ದು ಬದಲಾಯಿತು. ಅದುವರೆಗೆ ಧೊಪ್ ಅನ್ನುತ್ತಿದ್ದದ್ದು ಫಟ್ ಅಂದಿತು. ಹುಡುಗಿ ತಿರುಗಿ ನೋಡಿ, “ಮಿಸ್, ನಾನು ಜೋರಾಗಿ ಎಸೀಲೇ ಇಲ್ಲ” ಅಂದಳು. ಹಳೆಯ ವಿಡಿಯೊ ಹೊರತೆಗೆದು ತೋರಿಸಬೇಕಾದದ್ದು ಆಗ, ಅದಕ್ಕೂ ಮುಂಚೆ ಅಲ್ಲ. ಬರೀ ತಪ್ಪು ತೋರಿಸಿದರೆ ಕುಗ್ಗುತ್ತಾರೆ.

ಬೀಸು ಕೂತ ಮೇಲೆ ಉಳಿದದ್ದು ಸುಲಭ. 9ರಿಂದ 12ಕ್ಕೆ, 12ರಿಂದ ಪೂರ್ತಿ ಸುತ್ತಿಗೆ ಹಿಂದೆ ಹಿಂದೆ ಹೋಗಿ. ಹಿಂಗಾಲು ನೆಲ ಸವರಿಕೊಂಡು ಬರಲಿ. ಅದನ್ನು ಮುಂದೆ ಊರಿ, ಎರಡನೇ ಸಲ ನೆಲ ಒದ್ದು ಎಸೆದರೆ ಅಂಪೈರ್ ಇಲ್ಲೀಗಲ್ ಪಿಚ್ ಕೊಡುತ್ತಾರೆ. ಜಮಖಾನ ತೆಗೆದು ಕ್ಯಾಚರ್ ಕೂರಿಸಿ, ಎರಡೆರಡೇ ಅಡಿ ದೂರ ಹೆಚ್ಚಿಸಿ. ಅಮೆರಿಕದಲ್ಲಿ ಹತ್ತು ವರ್ಷದೊಳಗಿನ ಹುಡುಗಿಯರು 35 ಅಡಿಯಿಂದ, ಹನ್ನೆರಡರೊಳಗಿನವರು 40 ಅಡಿಯಿಂದ ಎಸೆಯುತ್ತಾರೆ. ನಮ್ಮ ಐದನೇ ತರಗತಿಯ ಮಗುವನ್ನು 43 ಅಡಿಗೆ ನಿಲ್ಲಿಸುವ ಅವಸರ ಯಾಕೋ. ಗುರಿ ಕೊನೆಗೆ ಬರಲಿ. ರೈಸ್ ಬಾಲ್, ಡ್ರಾಪ್ ಬಾಲ್ ಎಂದು ಬೇರೆ ಬಗೆಯ ಎಸೆತ ಕೇಳಿದರೆ ಮುಂದಿನ ವರ್ಷ ಅನ್ನಿ.

ಕೆಳಗಿನಿಂದ ಎಸೆಯುವುದು ಭುಜಕ್ಕೆ ಸಹಜ, ಎಷ್ಟು ಬೇಕಾದರೂ ಎಸೆಯಬಹುದು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ನಂಬಬೇಡಿ. ಜಪಾನಿನ ಯುಕಿಕೊ ಉಯೆನೊ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನದಲ್ಲಿ 413 ಎಸೆತ ಎಸೆದು ಚಿನ್ನ ಗೆದ್ದುಕೊಟ್ಟದ್ದನ್ನು ಕೋಚ್‌ಗಳು ಉದಾಹರಣೆ ಕೊಡುತ್ತಾರೆ. ಆಗ ಆಕೆಗೆ 26 ವರ್ಷ, ಹನ್ನೆರಡಲ್ಲ. ತಿದ್ದುವ ದಿನಗಳಲ್ಲಿ ನನ್ನ ಮಿತಿ ದಿನಕ್ಕೆ 60 ಎಸೆತ, ವಾರಕ್ಕೆ ನಾಲ್ಕು ದಿನ. ಭುಜದ ಮುಂಭಾಗ ನೋಯುತ್ತಿದೆ ಎಂದರೆ ಆ ದಿನದ ಅಭ್ಯಾಸ ಅಲ್ಲಿಗೇ ಮುಗಿಯಿತು. ಎರಡು ದಿನದಲ್ಲಿ ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ, ಮುಲಾಮು ಉಜ್ಜಿ ಆಡಿಸಬೇಡಿ.

ಮೊದಲ ಪಂದ್ಯದಲ್ಲಿ ಎರಡು ಬಾಲ್ ಹೊರಗೆ ಹೋದ ಕೂಡಲೇ ಹಳೆಯ ಮೊಣಕೈ ಮತ್ತೆ ಮೇಲೇಳುತ್ತದೆ. ಮೈದಾನದ ಆಚೆಯಿಂದ ಕೂಗಬೇಡಿ. ಇನಿಂಗ್ಸ್ ಮುಗಿದು ಬಂದಾಗ ಬೆಂಚಿನ ಹಿಂದೆ ಕರೆದುಕೊಂಡು ಹೋಗಿ, ಟವೆಲ್ ಕೊಟ್ಟು, ಐದು ಸಲ ಜಾಡಿಸಲು ಹೇಳಿ. ನನ್ನ ಕಿಟ್ ಬ್ಯಾಗಿನಲ್ಲಿ ಒಂದು ಒದ್ದೆ ಟವೆಲ್ ಸದಾ ಇರುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.